ಹದಿನಾಲ್ಕನೇ ನಂಬರಿನ ಪರಮ ಖಾಲಿ

ವಸತಿ ಹಂಚಿಕೆ ಕಚೇರಿಯ ಹನ್ನೆರಡು ಮನೆಗಳು ಆ ವರ್ಷ ಬರೀ ಖಾಲಿ ಇದ್ದವು. ಕಚೇರಿಯ ಇತಿಹಾಸದಲ್ಲಿ ಇಷ್ಟು ಅವಮಾನದ ವರ್ಷ ಹಿಂದೆ ಬಂದಿರಲಿಲ್ಲ.

ಪಕ್ಕದ ವಿಭಾಗದವರು ತಮ್ಮ ವಾರ್ಷಿಕ ವರದಿಯಲ್ಲಿ ಹನ್ನೊಂದು ಮನೆಗಳು 'ಅತ್ಯಂತ ಖಾಲಿ' ಇವೆಯೆಂದು ಬರೆದು ಕಳಿಸಿದ್ದರು. ಕೇಂದ್ರ ಕಚೇರಿ ಅವರಿಗೆ ಹಿತ್ತಾಳೆಯ ಶೀಲ್ಡ್ ಕೊಟ್ಟಿತು. ಇವರಿಗೆ ಕೊಟ್ಟದ್ದು ಒಂದು ಪತ್ರ: "ತಮ್ಮ ಮನೆಗಳು ಕೇವಲ ಖಾಲಿ ಇರುವುದನ್ನು ವಿಷಾದದಿಂದ ಗಮನಿಸಲಾಗಿದೆ. ಖಾಲಿತನದಲ್ಲಿ ಪ್ರಗತಿ ಸಾಧಿಸಿ ವರದಿ ಮಾಡತಕ್ಕದ್ದು."

ಅಧೀಕ್ಷಕರು ಪತ್ರವನ್ನು ಮೂರು ಸಲ ಓದಿದರು. ಮಧ್ಯಾಹ್ನದ ಊಟ ಬಿಟ್ಟು ಕೂತು ಸಂಜೆಯೊಳಗೆ ಒಂದು ಸುತ್ತೋಲೆ ಹೊರಡಿಸಿದರು.

"ಖಾಲಿ: ಮನೆಯಲ್ಲಿ ಯಾರೂ ಇಲ್ಲದಿರುವುದು.

ಬಹಳ ಖಾಲಿ: ಯಾರೂ ಇಲ್ಲದಿರುವುದರ ಜೊತೆಗೆ ಫ್ಯಾನು, ಬಲ್ಬು ಇಲ್ಲದಿರುವುದು.

ಅತ್ಯಂತ ಖಾಲಿ: ಮೇಲಿನವುಗಳ ಜೊತೆಗೆ ನಲ್ಲಿ, ಗೂಡಿನ ಹಲಗೆ ಇಲ್ಲದಿರುವುದು.

ಪರಮ ಖಾಲಿ: ಬಾಗಿಲು, ಕಿಟಕಿಗಳೂ ಇಲ್ಲದಿರುವುದು.

ತೆಗೆದ ವಸ್ತುಗಳನ್ನು ಜವಾಬ್ದಾರಿಯುತ ಅಧಿಕಾರಿಯ ವಶದಲ್ಲಿ ಇಡತಕ್ಕದ್ದು. ಜವಾಬ್ದಾರಿಯುತ ಅಧಿಕಾರಿ ಎಂದರೆ ಅಧೀಕ್ಷಕರು. ಜನರಿಗೆ ಉತ್ತಮ ದರ್ಜೆಯ ಖಾಲಿಯನ್ನೇ ಒದಗಿಸುವ ದೃಷ್ಟಿಯಿಂದ, ಪರಮ ಖಾಲಿ ಎಂಬ ಪ್ರಮಾಣಪತ್ರ ಇಲ್ಲದ ಮನೆಯನ್ನು ಯಾರಿಗೂ ಕೊಡತಕ್ಕದ್ದಲ್ಲ."

ಸುತ್ತೋಲೆಯ ಮಸಿ ಆರುವ ಮೊದಲೇ, ಹದಿನಾಲ್ಕನೇ ನಂಬರಿನ ಮನೆಯ ಬೀಗದ ಕೈ ತೆಗೆದುಕೊಂಡು ಹೋಗಲು ದರ್ಜಿ ಬಂದಳು.

ಆರು ವರ್ಷ ಸರದಿಯಲ್ಲಿ ಕಾದ ಮೇಲೆ ಅವಳಿಗೆ ಆ ಮನೆ ಮಂಜೂರಾಗಿತ್ತು. ಸದ್ಯ ಇದ್ದದ್ದು ಒಂದೇ ಕೋಣೆ. ಅದರಲ್ಲಿ ಅವಳು, ಬಸ್ ಓಡಿಸುವ ಗಂಡ, ಅತ್ತೆ, ಇಬ್ಬರು ಮಕ್ಕಳು, ಒಂದು ಹೊಲಿಗೆ ಯಂತ್ರ. ಬಟ್ಟೆ ಕತ್ತರಿಸಬೇಕಾದರೆ ಹಾಸಿಗೆ ಮಡಚಬೇಕು, ಹಾಸಿಗೆ ಬಿಡಿಸಬೇಕಾದರೆ ಬಟ್ಟೆ ಎತ್ತಬೇಕು. ಒಮ್ಮೆ ಅವಸರದಲ್ಲಿ ಗಿರಾಕಿಯ ಕೋಟಿನ ಬಟ್ಟೆಯ ಮೇಲೆ ಗಂಡ ಮಲಗಿಬಿಟ್ಟು, ಅವನು ಏಳುವವರೆಗೆ ಕೋಟಿನ ಕೆಲಸ ನಿಂತಿತ್ತು. ಹಂಚಿಕೆಯ ನಿಯಮದಂತೆ ಅವಳು ಕೋಣೆಯ ಮಾಲೀಕನಿಂದ 'ಹಳೆಯ ವಾಸ ಬಿಟ್ಟ ಪತ್ರ' ಬರೆಸಿ ಕಚೇರಿಗೆ ಕೊಟ್ಟೂ ಆಗಿತ್ತು. ಮಾಲೀಕ ಖುಷಿಯಿಂದ ಬರೆದುಕೊಟ್ಟಿದ್ದ. ತಿಂಗಳ ಕೊನೆಗೆ ಆ ಕೋಣೆಗೆ ಅವನ ತಮ್ಮ ಬರುವವನಿದ್ದ. ತಿಂಗಳು ಮುಗಿಯಲು ಹನ್ನೊಂದು ದಿನ ಉಳಿದಿತ್ತು.

"ಮನೆ ಖಾಲಿ ಇದೆಯಲ್ಲಾ ಸರ್?" ಎಂದಳು.

"ಇದೆ," ಎಂದರು ಅಧೀಕ್ಷಕರು. "ಆದ್ರೆ ಖಾಲಿ ಅಷ್ಟೇ ಇದೆ."

"ಮತ್ತಿನ್ನೇನಿರಬೇಕು?"

"ಇನ್ನೂ ಖಾಲಿ ಇರಬೇಕು."

ದರ್ಜಿ ಅವರ ಮುಖ ನೋಡಿದಳು. ನಗುವ ಲಕ್ಷಣ ಕಾಣಲಿಲ್ಲ. ಸುತ್ತೋಲೆಯನ್ನು ಅವಳ ಕಡೆ ತಿರುಗಿಸಿ ಇಟ್ಟರು. ಓದಿದಳು.

"ಖಾಲಿ ಅಂದ್ರೆ ಖಾಲಿ. ಅದರಲ್ಲಿ ಬಹಳ, ಅತ್ಯಂತ ಅಂತ ಏನ್ ಸರ್?"

"ನೀವು ಅಂಗಿ ಹೊಲೀತೀರಲ್ಲಮ್ಮ. ಒಂದು ಸಡಿಲ ಇರುತ್ತೆ, ಇನ್ನೊಂದು ಬಹಳ ಸಡಿಲ ಇರುತ್ತೆ. ಇರಲ್ವೆ?"

"ಸಡಿಲದೊಳಗೆ ಒಂದು ಮೈ ಇರುತ್ತೆ ಸರ್. ಎಷ್ಟು ಸಡಿಲ ಅಂತ ಅಳೀಬಹುದು. ಖಾಲಿಯೊಳಗೆ ಏನಿದೆ ಅಂತ ಟೇಪು ಹಿಡೀಲಿ?"

"ಅದಕ್ಕೇ ಪರಿವೀಕ್ಷಕರನ್ನ ಇಟ್ಟಿರೋದು," ಎಂದು ಅಧೀಕ್ಷಕರು ಗಂಟೆ ಒತ್ತಿದರು.

ಪರಿವೀಕ್ಷಕ ಅಳತೆ ಮತ್ತು ತೂಕದಲ್ಲಿ ತರಬೇತಿ ಪಡೆದ ಯುವಕ. ಜೇಬಿನಲ್ಲಿ ಯಾವಾಗಲೂ ಒಂದು ಟಾರ್ಚು. ಲಂಚ ಮುಟ್ಟುವವನಲ್ಲ, ಸುಳ್ಳು ಬರೆಯುವವನಲ್ಲ. ತೊಂದರೆ ಅದೇ ಆಗಿತ್ತು.

ಮರುದಿನ ಬೆಳಗ್ಗೆ ದರ್ಜಿ, ಪರಿವೀಕ್ಷಕ ಇಬ್ಬರೂ ಹದಿನಾಲ್ಕನೇ ನಂಬರಿಗೆ ಹೋದರು. ಎರಡು ಕೋಣೆ, ಒಂದು ಅಡುಗೆಮನೆ, ನಾಲ್ಕು ಕಿಟಕಿ. ಪೂರ್ವದ ಕಿಟಕಿಯಿಂದ ಬಿಸಿಲು ಒಳಗೆ ಬಿದ್ದಿತ್ತು. ಯಂತ್ರ ಇಲ್ಲಿ ಇಟ್ಟರೆ ದೀಪ ಹಚ್ಚದೆ ಸಂಜೆವರೆಗೆ ಸೂಜಿಗೆ ದಾರ ಪೋಣಿಸಬಹುದು ಎಂದು ದರ್ಜಿ ಲೆಕ್ಕ ಹಾಕಿದಳು. ಪರಿವೀಕ್ಷಕ ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ, ತಲೆ ಓರೆ ಮಾಡಿ ಕೇಳಿದ.

"ಪ್ರತಿಧ್ವನಿ ಒಂದೂಕಾಲು," ಎಂದು ಬರೆದುಕೊಂಡ. "ಪರಮ ಖಾಲಿಗೆ ಎರಡು ಬೇಕು."

"ನಾವಿಬ್ರು ನಿಂತಿದ್ದೀವಲ್ಲಪ್ಪ, ಅದಕ್ಕೆ ಕಡಿಮೆ ಬಂತೇನೋ."

"ಹೌದಲ್ಲ." ಅವನು ಅವಳನ್ನೂ ಕರೆದುಕೊಂಡು ಹೊರಗೆ ಹೋಗಿ ಕಿಟಕಿಯಿಂದ ಕೈ ಮಾತ್ರ ಒಳಗೆ ಹಾಕಿ ಚಪ್ಪಾಳೆ ತಟ್ಟಿದ. "ಒಂದೂವರೆ. ಒಳಗೆ ಇನ್ನೂ ಯಾರೋ ಇದ್ದಾರೆ."

ಟಾರ್ಚು ಹಾಕಿ ಹುಡುಕಿದಾಗ ಗೂಡಿನ ಮೂಲೆಯಲ್ಲಿ ಒಂದು ಹಲ್ಲಿ ಸಿಕ್ಕಿತು. ಅದು ಅರ್ಜಿ ಹಾಕದೆ ವಾಸವಾಗಿತ್ತು. ಅದಕ್ಕೆ ನೋಟಿಸು ಕೊಡಬೇಕೇ ಬೇಡವೇ ಎಂದು ಪರಿವೀಕ್ಷಕ ಪುಸ್ತಕ ತೆರೆಯುವಷ್ಟರಲ್ಲಿ ದರ್ಜಿ ಪೊರಕೆಯಿಂದ ಒಂದು ಬಿಟ್ಟಳು. ಹಲ್ಲಿ ಬಾಲವನ್ನು ಅಲ್ಲೇ ಬಿಟ್ಟು ಓಡಿಹೋಯಿತು. ಬಾಲ ಅರ್ಧ ನಿಮಿಷ ಕುಣಿಯಿತು. ಅಷ್ಟು ಹೊತ್ತು ಮನೆ ಭಾಗಶಃ ಖಾಲಿ ಎಂದು ದಾಖಲಾಯಿತು.

ಮೂರನೆಯ ದಿನ ಈರುಳ್ಳಿ ಹುರಿದ ವಾಸನೆ ಸಿಕ್ಕಿತು. ಹಿಂದೆ ಇದ್ದವರು ಬಿಟ್ಟು ಹೋದದ್ದು. "ವಾಸನೆ ಇದ್ರೆ ಊಟ ಇತ್ತು ಅಂತಾಯ್ತು, ಊಟ ಇದ್ರೆ ಜನ ಇದ್ರು ಅಂತಾಯ್ತು," ಎಂದ ಪರಿವೀಕ್ಷಕ. ದರ್ಜಿ ಎರಡು ದಿನ ಗೋಡೆಗೆ ಸುಣ್ಣ ಬಳಿದಳು. ಆರನೆಯ ದಿನ ಸುಣ್ಣದ ವಾಸನೆ ಸಿಕ್ಕಿತು. ಎಂಟನೆಯ ದಿನ ಬಾಗಿಲಿನ ಚೌಕಟ್ಟಿನಲ್ಲಿ ಯಾರೋ ಮಗುವಿನ ಎತ್ತರಕ್ಕೆ ಪೆನ್ಸಿಲಿನಲ್ಲಿ ಎಳೆದ ಗೆರೆಗಳು ಕಂಡವು. ಐದು ಗೆರೆ, ಒಂದರ ಮೇಲೊಂದು. ಮಗು ಮನೆ ಬಿಟ್ಟು ಹೋದರೂ ಅದರ ಎತ್ತರ ಮನೆಯಲ್ಲೇ ಉಳಿದಿದೆ ಎಂದು ಪರಿವೀಕ್ಷಕ ಆಕ್ಷೇಪ ಎತ್ತಿದ. ದರ್ಜಿ ಮರಳು ಕಾಗದ ತಂದು ಉಜ್ಜಿದಳು.

ಇತ್ತ ಸುತ್ತೋಲೆಯ ಕೆಲಸವೂ ನಡೆದಿತ್ತು. ದಿನಕ್ಕೊಂದು ತಳ್ಳುಗಾಡಿ ಬಂದು ಫ್ಯಾನು, ನಲ್ಲಿ, ಹಲಗೆ, ಕಿಟಕಿ, ಬಾಗಿಲು ಹೇರಿಕೊಂಡು ಹೋಗುತ್ತಿತ್ತು. ಎಲ್ಲಿಗೆ ಎಂದು ದರ್ಜಿಗೆ ಒಂಬತ್ತನೆಯ ದಿನ ಗೊತ್ತಾಯಿತು. ಅಧೀಕ್ಷಕರ ಹೆಂಡತಿ ಪರದೆ ಹೊಲಿಸಲು ಹೇಳಿಕಳಿಸಿದ್ದರು.

"ಹತ್ತು ಕಿಟಕಿಗೆ ಬೇಕು," ಎಂದರು ಆಕೆ.

ದರ್ಜಿ ಕಳೆದ ವರ್ಷವೂ ಆ ಮನೆಗೆ ಪರದೆ ಹೊಲಿದಿದ್ದಳು. ಆಗ ಆರು ಕಿಟಕಿ ಇದ್ದವು. ಈಗ ನಡುಮನೆ ಮತ್ತು ಅಡುಗೆಮನೆಯ ಮಧ್ಯದ ಗೋಡೆಗೆ ಎರಡು ಹೊಸ ಕಿಟಕಿ ಕೂರಿಸಿದ್ದರು. ಇನ್ನೆರಡು, ಸ್ನಾನದ ಮನೆಗೆ ನೋಡುವ ಹಾಗೆ.

"ಇದ್ಯಾಕಮ್ಮಾ, ಒಳಗಿಂದ ಒಳಗೇ ನೋಡೋಕೆ ಕಿಟಕಿ?"

"ನಮಗೆ ಬೇಕಾಗಿತ್ತು ಅಂತಲ್ಲ ಕಣ್ರೀ," ಎಂದು ಆಕೆ ನಿಟ್ಟುಸಿರು ಬಿಟ್ಟರು. "ಕಚೇರಿ ಸಾಮಾನು. ಮಳೇಲಿ ಹಾಳಾಗಬಾರ್ದು ಅಂತ ಗೋಡೆಯೊಳಗೆ ಜೋಪಾನ ಮಾಡಿದ್ದೀವಿ. ಮೇಲೆ ನೋಡಿ, ನಾಲ್ಕು ಫ್ಯಾನು. ಹಾಕದಿದ್ರೆ ತುಕ್ಕು ಹಿಡಿಯುತ್ತಂತೆ, ಹಾಕಿದ್ರೆ ನನಗೆ ನೆಗಡಿ. ಜವಾಬ್ದಾರಿ ಅಂದ್ರೆ ಸುಮ್ನೇನಾ?"

ದರ್ಜಿ ಗೋಡೆಯೊಳಗಿನ ಜವಾಬ್ದಾರಿಗೆ ಅಳತೆ ತೆಗೆದುಕೊಂಡಳು. ಹದಿನಾಲ್ಕನೇ ನಂಬರಿನ ಪೂರ್ವದ ಕಿಟಕಿ ಈಗ ಸ್ನಾನದ ಮನೆಯ ಕಡೆಗಿತ್ತು. ಅವಳು ಅದರ ಸರಳನ್ನು ಒಮ್ಮೆ ಮುಟ್ಟಿ, ಅಳತೆಯನ್ನು ಎರಡು ಸಲ ಬರೆದುಕೊಂಡಳು.

ಹನ್ನೊಂದನೆಯ ದಿನ ಬೆಳಗ್ಗೆ ಪರಿವೀಕ್ಷಕ ಚಪ್ಪಾಳೆ ತಟ್ಟಿದ. ಬಾಗಿಲು, ಕಿಟಕಿ ಇಲ್ಲದ್ದರಿಂದ ಸದ್ದು ಒಳಗೆ ನಿಲ್ಲದೆ ಬೀದಿಗೆ ಹೋಗಿ, ಎದುರಿನ ಗೋಡೆಗೆ ಬಡಿದು, ವಾಪಸ್ಸು ಬಂತು. "ಎರಡು," ಎಂದ ಅವನು. ಅವನ ಕಣ್ಣಲ್ಲಿ ನೀರು ಬಂದಿತ್ತು. ಅಲ್ಲೇ ಮೊಣಕಾಲ ಮೇಲೆ ಪುಸ್ತಕ ಇಟ್ಟುಕೊಂಡು 'ಪರಮ ಖಾಲಿ' ಎಂದು ಪ್ರಮಾಣಪತ್ರ ಬರೆದ.

ಮಧ್ಯಾಹ್ನದ ಹೊತ್ತಿಗೆ ದರ್ಜಿಯ ಸಂಸಾರವೆಲ್ಲ ಒಂದು ಕೈಗಾಡಿಯ ಮೇಲೆ ಏರಿ ಕಚೇರಿಯ ಮುಂದೆ ನಿಂತಿತ್ತು. ಹೊಲಿಗೆ ಯಂತ್ರ ಕೆಳಗೆ, ಅದರ ಮೇಲೆ ಹಾಸಿಗೆ ಸುರುಳಿ, ಹಾಸಿಗೆಯ ಮೇಲೆ ಅತ್ತೆ. ಗಂಡ ಗಾಡಿಯ ಹಿಡಿ ಹಿಡಿದು ಅಭ್ಯಾಸಬಲದಿಂದ ಎಡಬಲ ನೋಡುತ್ತಿದ್ದ. ಮಕ್ಕಳು ಪಾತ್ರೆ ಹೊತ್ತಿದ್ದರು. ಕೋಣೆಯಲ್ಲಿ ಮಾಲೀಕನ ತಮ್ಮ ಆಗಲೇ ಮೊಳೆ ಹೊಡೆಯುತ್ತಿದ್ದ.

"ಬೀಗದ ಕೈ ಕೊಡಿ ಸರ್," ಎಂದಳು ದರ್ಜಿ.

"ಬೀಗ ಎಲ್ಲಿದೆಯಮ್ಮ, ಬಾಗಿಲೇ ಇಲ್ಲ," ಎಂದರು ಅಧೀಕ್ಷಕರು. ಅವರ ಮುಖ ಅರಳಿತ್ತು. "ಅಭಿನಂದನೆ. ನಿಮ್ಮ ಮನೆ ಹೆಸರು ಈ ವರ್ಷದ ಶೀಲ್ಡಿಗೆ ಹೋಗಿದೆ."

"ಸಂತೋಷ ಸರ್. ಹಾಗಾದ್ರೆ ನಾವು ಒಳಗೆ ಹೋಗ್ತೀವಿ."

"ಅಯ್ಯೋ!" ಅಧೀಕ್ಷಕರು ಕುರ್ಚಿಯಿಂದ ಎದ್ದೇಬಿಟ್ಟರು. "ಒಳಗೆ ಹೋದ್ರೆ ಖಾಲಿ ಏನಾಗಬೇಕು? ಐದು ಜನ ಅಂದ್ರೆ ಒಂದೇ ಏಟಿಗೆ ನಾಲ್ಕೂ ದರ್ಜೆ ಹೋಗುತ್ತೆ. ಪರಿಶೀಲನಾ ಸಮಿತಿ ಬಂದು ನೋಡೋವರೆಗೆ ಒಂದು ನೊಣ ಕೂಡ ಒಳಗೆ ಹೋಗೋ ಹಾಗಿಲ್ಲ."

"ಸಮಿತಿ ಯಾವಾಗ ಬರುತ್ತೆ?"

"ವರ್ಷಕ್ಕೊಂದ್ಸಲ."

"ಬಂದು ಹೋದ್ಮೇಲೆ?"

"ಮುಂದಿನ ವರ್ಷ ಮತ್ತೆ ಬರುತ್ತಲ್ಲ."

ಹೊರಗಿನಿಂದ ಅತ್ತೆಯ ಧ್ವನಿ ಬಂತು: "ಏನಂತೆ? ಇಳೀಲಾ, ಇಲ್ಲೇ ಕೂತಿರ್ಲಾ?"

"ಕೂತಿರಿ ಅತ್ತೆ."

"ಕೂತಿರ್ತೀನಿ. ಆದ್ರೆ ಯಾರಾದ್ರೂ ಗಾಡಿ ಸರಿಯಾಗಿ ಹಿಡ್ಕೊಳ್ಳಿ. ನನ್ನ ಮಗ ಬ್ರೇಕ್ ಹುಡುಕ್ತಾ ಇದ್ದಾನೆ."

ದರ್ಜಿ ಅತ್ತೆಯ ಮಾತಿಗೆ ನಗಲಿಲ್ಲ. ಅಧೀಕ್ಷಕರ ಮೇಜಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡಳು. "ಸರ್, ಹಳೆ ಕೋಣೆ ಬಿಟ್ಟಾಗಿದೆ. ಅದು ಬಿಟ್ಟ ಪತ್ರ ನೀವೇ ಇಸ್ಕೊಂಡಿದ್ದೀರಿ. ಇವತ್ತು ರಾತ್ರಿ ನಾವು ಎಲ್ಲಿರ್ಬೇಕು?"

ಇದು ದಾಖಲೆಗೆ ಸಂಬಂಧಿಸಿದ ಪ್ರಶ್ನೆಯಾದ್ದರಿಂದ ಅಧೀಕ್ಷಕರು ಗುಮಾಸ್ತರನ್ನು ಕರೆದರು. ಗುಮಾಸ್ತರು ನಿವೃತ್ತಿಗೆ ನಾಲ್ಕು ತಿಂಗಳು ಇದ್ದವರು. ಮೂರು ವಹಿ ತಂದು ಮೇಜಿನ ಮೇಲೆ ಸಾಲಾಗಿ ಬಿಡಿಸಿದರು.

"ಹಳೆ ವಾಸದ ವಹಿ. 'ಬಿಟ್ಟು ಹೋಗಿದ್ದಾರೆ.' ಇಲ್ಲಿಲ್ಲ," ಎಂದರು. "ಹೊಸ ವಾಸದ ವಹಿ. 'ಇನ್ನೂ ಬಂದಿಲ್ಲ.' ಇಲ್ಲೂ ಇಲ್ಲ. ಕಾಯುವವರ ಪಟ್ಟಿ. 'ಮನೆ ಮಂಜೂರಾದ ಕಾರಣ ತೆಗೆದುಹಾಕಿದೆ.' ಮೂರೂ ಕಡೆ ಇಲ್ಲ ಸರ್."

"ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಇಲ್ಲ. ಇವರು ಎಲ್ಲೂ ಇಲ್ಲ."

ಅಧೀಕ್ಷಕರು ದರ್ಜಿಯನ್ನು ಹೊಸದಾಗಿ ನೋಡಿದರು. "ಎಷ್ಟು ಇಲ್ಲ?" ಎಂದು ಕೇಳಿದರು.

ಹನ್ನೊಂದು ದಿನದಲ್ಲಿ ದರ್ಜಿ ಬೇಕಾದಷ್ಟು ಕಲಿತಿದ್ದಳು.

"ಪರಮ ಇಲ್ಲ ಸರ್," ಎಂದಳು.

ಗುಮಾಸ್ತರು ಮೂರೂ ವಹಿಗಳನ್ನು ಮುಚ್ಚಿದರು.

"ಪರಮ ಇಲ್ಲದೋರು ಪರಮ ಖಾಲಿಯೊಳಗೆ ಹೋದ್ರೆ," ಅವಳು ನಿಧಾನವಾಗಿ ಕೇಳಿದಳು, "ಖಾಲಿ ಕಡಿಮೆ ಆಗುತ್ತಾ ಸರ್?"

ಅಧೀಕ್ಷಕರು ಪರಿವೀಕ್ಷಕನ ಕಡೆ ನೋಡಿದರು. ಅವನು ಟಾರ್ಚನ್ನು ಒಂದು ಸಲ ಹಚ್ಚಿ ಆರಿಸಿದ. "ಸೊನ್ನೆಗೆ ಐದು ಸೊನ್ನೆ ಕೂಡಿಸಿದರೆ ಸೊನ್ನೆ," ಎಂದ. ಸುಳ್ಳು ಬರೆಯದೆ ಸಂಸಾರವೊಂದನ್ನು ಬೀದಿಯಿಂದ ಎತ್ತಬಹುದು ಎಂದು ಗೊತ್ತಾಗಿ ಅವನು ಆಗಲೇ ಪುಸ್ತಕ ತೆರೆದಿದ್ದ. "ಆದರೆ ಅವರ ದರ್ಜೆಯನ್ನು ನಾನು ಪರೀಕ್ಷಿಸಬೇಕಾಗುತ್ತೆ."

ಪರೀಕ್ಷೆ ಕೈಗಾಡಿಯ ಬಳಿ ನಡೆಯಿತು. ಪರಿವೀಕ್ಷಕ ಮೂರೂ ವಹಿ ತೆರೆದು ಹಾಜರಿ ಕೂಗಲು ನಿಂತ. ವಹಿಯಲ್ಲಿ ಹೆಸರಿಲ್ಲದ್ದರಿಂದ ಯಾರನ್ನೂ ಕೂಗಲಿಲ್ಲ. ಯಾರನ್ನೂ ಕೂಗದ್ದರಿಂದ ಯಾರೂ ಓಗೊಡಲಿಲ್ಲ. ಐದಕ್ಕೆ ಐದೂ ಗೈರು. ಅತ್ತೆ ಮಾತ್ರ, "ಏನಪ್ಪಾ, ಬಾಯಿ ತೆರೆದು ಸುಮ್ನೆ ನಿಂತಿದ್ದೀಯಲ್ಲ, ನೀರು ಕೊಡ್ಲಾ?" ಎಂದರು. ಅದು ಹಾಜರಿಗೆ ಕೊಟ್ಟ ಉತ್ತರವಲ್ಲವಾದ್ದರಿಂದ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

'ಪರಮ ಇಲ್ಲ' ಎಂಬ ಪ್ರಮಾಣಪತ್ರ ಆ ಕಚೇರಿಯಿಂದ ಮೊದಲ ಬಾರಿಗೆ ಹೊರಟಿತು. ದರ್ಜಿ ಅದನ್ನು ನಾಲ್ಕಾಗಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆದರೆ ಹೊರಡಲಿಲ್ಲ.

"ಇನ್ನೇನಮ್ಮ?"

"ಒಂದು ಭಯ ಸರ್. ಬಾಗಿಲು ಕಿಟಕಿ ಇಲ್ಲ. ದಾರೀಲಿ ಹೋಗೋರಿಗೆ ನಾವು ಕಾಣ್ತೀವಿ. ಕಂಡ್ರೆ ಇದ್ದ ಹಾಗಾಗುತ್ತೆ. ನಾವು 'ಎರಡನೇ ದರ್ಜೆ ಇಲ್ಲ' ಆಗಿಬಿಟ್ರೆ ಶೀಲ್ಡು?"

ಅಧೀಕ್ಷಕರ ಮುಖದ ಬಣ್ಣ ಇಳಿಯಿತು. ಅವರ ಕಣ್ಣ ಮುಂದೆ ಹತ್ತು ಕಿಟಕಿಗಳು ಸಾಲಾಗಿ ಹಾದುಹೋದವು.

"ನಲ್ಲಿನೂ ಇಲ್ಲ," ದರ್ಜಿ ಮುಂದುವರಿಸಿದಳು. "ನೀರಿಗೆ ಬೀದಿಗೆ ಬಂದ್ರೆ ಜನ ಮಾತಾಡಿಸ್ತಾರೆ. ಮಾತಾಡಿಸಿದ್ರೆ ನಮ್ಮತ್ತೆ ಬಿಡೋರಲ್ಲ, ಒಂದು ಗಂಟೆ ಇರ್ತಾರೆ. ಫ್ಯಾನಿಲ್ದೆ ಸೆಕೆ ಆದ್ರೆ ಮಕ್ಕಳು ಹೊರಗೆ ಬಂದು ಕೂರ್ತವೆ. ಒಂದೊಂದಾಗಿ ಎಲ್ರೂ ಇರೋಕೆ ಶುರು ಮಾಡಿದ್ರೆ ನಾನೇನ್ ಮಾಡ್ಲಿ?"

ಅಧೀಕ್ಷಕರು ಗೋಡೆಯ ಮೇಲೆ ಶೀಲ್ಡಿಗೆಂದು ಮೊದಲೇ ಹೊಡೆಸಿದ್ದ ಮೊಳೆಯನ್ನು ನೋಡಿದರು. ತಮ್ಮ ಮನೆಯ ಕಿಟಕಿಗಳನ್ನು ನೆನೆದರು. ಮತ್ತೆ ಮೊಳೆಯನ್ನು ನೋಡಿದರು. ಅರ್ಧ ಗಂಟೆಯಲ್ಲಿ ತಿದ್ದುಪಡಿ ಹೊರಬಿತ್ತು: "ಇಲ್ಲದವರ ಇಲ್ಲದಿರುವಿಕೆಯನ್ನು ಕಾಪಾಡುವ ಬಾಗಿಲು, ಕಿಟಕಿ, ನಲ್ಲಿ, ಹಲಗೆ, ಫ್ಯಾನು, ಬಲ್ಬುಗಳನ್ನು ಖಾಲಿಯ ಸಾಧನಗಳೆಂದು ಪರಿಗಣಿಸತಕ್ಕದ್ದು. ಅವು ಇದ್ದಷ್ಟೂ ಖಾಲಿ ಹೆಚ್ಚು."

ಅಧೀಕ್ಷಕರ ಹೆಂಡತಿ ಪರದೆಗಳನ್ನೂ ಕಿಟಕಿಗಳ ಜೊತೆಗೇ ಕಳಿಸಿಕೊಟ್ಟರು. ಬರೀ ಗೋಡೆಗೆ ಪರದೆ ಹಾಕಿ ನೋಡಿದ್ದರಂತೆ, ಚೆನ್ನಾಗಿ ಕಾಣಲಿಲ್ಲವಂತೆ.

ಸಮಿತಿ ಎರಡು ತಿಂಗಳ ಮೇಲೆ ಬಂತು. ಮೂವರು ಸದಸ್ಯರು, ಅವರಲ್ಲಿ ಒಬ್ಬರು ಅಧ್ಯಕ್ಷರು. ಅಧೀಕ್ಷಕರು, ಗುಮಾಸ್ತರು, ಪರಿವೀಕ್ಷಕ ಹಿಂದೆ ನಿಂತರು. ಪೂರ್ವದ ಕಿಟಕಿಯ ಕೆಳಗೆ ದರ್ಜಿ ಯಂತ್ರ ತುಳಿಯುತ್ತಿದ್ದಳು. ಗಂಡ ರಜೆ ಹಾಕಿ ಎಲ್ಲರಿಗೂ ಚಹಾ ಕೊಟ್ಟ. ಹಗ್ಗದ ಮೇಲೆ ಒಂಬತ್ತು ಅಂಗಿ ಒಣಗುತ್ತಿದ್ದವು. ಅಧ್ಯಕ್ಷರು ತಲೆ ಬಗ್ಗಿಸಿ ಅಂಗಿಗಳ ಅಡಿಯಿಂದ ಹಾದು, ಪಾತ್ರೆಗಳ ಮಧ್ಯೆ ಹೆಜ್ಜೆ ಹುಡುಕಿಕೊಂಡು ಎರಡನೇ ಕೋಣೆಗೆ ಹೋದರು. ಅಲ್ಲಿ ಅತ್ತೆ ಕಾಲು ಚಾಚಿ ಗೋಡೆಗೆ ಒರಗಿದ್ದರು.

"ಅದ್ಭುತ," ಎಂದರು ಅಧ್ಯಕ್ಷರು. "ಇಪ್ಪತ್ತು ವರ್ಷದ ಸೇವೆಯಲ್ಲಿ ಇಷ್ಟು ಖಾಲಿ ನೋಡಿರಲಿಲ್ಲ. ಅಜ್ಜಿ, ಕಾಲು ಒಂಚೂರು ಮಡಚ್ತೀರಾ? ಆ ಮೂಲೇಲಿರೋ ಖಾಲಿ ಸರಿಯಾಗಿ ಕಾಣ್ತಿಲ್ಲ."

"ಇಲ್ಲದ ಕಾಲನ್ನ ಏನಂತ ಮಡಚ್ಲಿ ಸ್ವಾಮಿ?"

"ಕ್ಷಮಿಸಿ," ಎಂದು ಅಧ್ಯಕ್ಷರು ಕಾಲನ್ನು ದಾಟಿದರು.

"ಅಲ್ಲಾ, ಇಷ್ಟಕ್ಕೇ ಬೆರಗಾದ್ರೆ ಹೇಗೆ?" ಎಂದರು ಅತ್ತೆ. "ಈಗ ಇಲ್ಲದೋರು ಮೂರೇ ಜನ. ಮೊಮ್ಮಕ್ಕಳು ಶಾಲೆಯಿಂದ ಬರ್ಲಿ. ಐದು ಜನ ಇಲ್ಲದ ಹಾಗಾಗುತ್ತೆ. ಆಗ ನೋಡಿ ಖಾಲಿ."

ಸಮಿತಿಯವರು ತಮ್ಮೊಳಗೆ ಪಿಸುಗುಟ್ಟಿದರು. ಕಾಯುವುದೇ ನ್ಯಾಯ ಎಂದು ತೀರ್ಮಾನವಾಯಿತು. ಎರಡನೆಯ ಸುತ್ತು ಚಹಾ ಆಯಿತು. ಒಬ್ಬ ಸದಸ್ಯರು ಕಾದ ಹೊತ್ತಿನಲ್ಲಿ ತಮ್ಮ ಪ್ಯಾಂಟಿನ ಅಂಚು ಹೊಲಿಸಿಕೊಂಡರು.

ನಾಲ್ಕೂವರೆಗೆ ಮಕ್ಕಳು ಬಂದರು. ಚೀಲ ಎಸೆದು, ತಿನ್ನಲು ಏನಿದೆ ಎಂದು ಕೂಗಿ, ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಕೋಣೆಯಿಂದ ಕೋಣೆಗೆ ಓಡಿ, ಒಂದು ಕೊಡ ಉರುಳಿಸಿದರು. ಮನೆಯಲ್ಲಿ ಕಾಲಿಡಲು ಜಾಗ ಉಳಿಯಲಿಲ್ಲ. ಅಧ್ಯಕ್ಷರು ಎದ್ದು ನಿಂತು ಟೊಪ್ಪಿ ತೆಗೆದರು. ಪರಿವೀಕ್ಷಕ ಚಪ್ಪಾಳೆ ತಟ್ಟಿದ. ಆ ಗದ್ದಲದಲ್ಲಿ ಅವನ ಚಪ್ಪಾಳೆ ಅವನಿಗೇ ಕೇಳಲಿಲ್ಲ. "ಅಳತೆಗೆ ಮೀರಿದೆ," ಎಂದು ಬರೆದುಕೊಂಡ.

ಶೀಲ್ಡ್ ಬಂತು. ಜೊತೆಗೆ ಒಂದು ಪತ್ರವೂ ಬಂತು: "ಹದಿನಾಲ್ಕನೇ ನಂಬರು ತೋರಿಸಿದ ಖಾಲಿ ಮಾದರಿಯಾದುದು. ತಮ್ಮ ಉಳಿದ ಹನ್ನೊಂದು ಮನೆಗಳಲ್ಲಿ ಇನ್ನೂ ಯಾರೂ ಇಲ್ಲದಿರುವುದು ವಿಷಾದನೀಯ. ಅವನ್ನೂ ಈ ಮಟ್ಟಕ್ಕೆ ಏರಿಸತಕ್ಕದ್ದು."

ಅಧೀಕ್ಷಕರು ಪತ್ರ ಹಿಡಿದು ಅವತ್ತೇ ಸಂಜೆ ಹದಿನಾಲ್ಕನೇ ನಂಬರಿಗೆ ಬಂದರು. ಬಾಗಿಲು ತಟ್ಟಿ, ಒಳಗೆ ಯಾರೂ ಇಲ್ಲದ್ದರಿಂದ ಅವರೇ ತೆಗೆದುಕೊಂಡು ಒಳಗೆ ಬಂದು, ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತರು.

"ನಿಮ್ಮ ಕಡೆಯವರು, ಸರದೀಲಿ ಕಾಯ್ತಾ ಇರೋರು, ಯಾರಾದ್ರೂ ಇದ್ದಾರೇನಮ್ಮ?"

ದರ್ಜಿ ಹಲ್ಲಿನಲ್ಲಿ ದಾರ ಕಡಿದಳು.

"ಯಾರೂ ಇಲ್ಲ ಸರ್," ಎಂದಳು. "ಎಷ್ಟು ಜನ ಬೇಕು?"